ಹಿಡಿದವರು: ಅವರು

ಕೆನಡಾದ ಬ್ರ್ಯಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ, ಫರ್ನೇಸಿಗೂ ಬಟ್ಟೆ ಒಗೆಯುವ ಮಷಿನ್ನಿಗೂ ನಡುವೆ, ಆಫ್ರಿಕಾ ಖಂಡದ ಚಿಟ್ಟೆಗಳ ಹೈಕೋರ್ಟು ನಡೆಯುತ್ತಿತ್ತು. ನ್ಯಾಯಾಧೀಶರ ಹೆಸರು ವೀರಭದ್ರಪ್ಪ. ವಯಸ್ಸು ಎಪ್ಪತ್ಮೂರು. ಕರಿಕೋಟಿನ ಬದಲು ಒಂದರ ಮೇಲೊಂದು ಎರಡು ಸ್ವೆಟರು, ತಲೆಗೆ ಮಂಕಿ ಕ್ಯಾಪು. ಉಗಾಂಡಾದಲ್ಲಿ ಯಾರೋ ಪ್ರವಾಸಿ ಕೆಸರಿನ ಮೇಲೆ ಕೂತ ಚಿಟ್ಟೆಯ ಫೋಟೊ ತೆಗೆದು ‘ಇದು ಯಾವುದು?’ ಎಂದು ವೆಬ್‌ಸೈಟಿಗೆ ಏರಿಸಿದರೆ, ದೇಶದೇಶದ ಉತ್ಸಾಹಿಗಳು ತಮಗೆ ತೋಚಿದ ಹೆಸರು ಹೇಳಿ, ಜಗಳವಾಡಿ, ಕೊನೆಗೆ ಅರ್ಜಿ ಬಂದು ಬೀಳುತ್ತಿದ್ದುದು ಈ ಬೇಸ್‌ಮೆಂಟಿಗೇ. ಕನಿಷ್ಠ ವೀರಭದ್ರಪ್ಪನವರು ಹಾಗೆ ನಂಬಿದ್ದರು.

ಈವರೆಗೆ ಹನ್ನೊಂದು ಸಾವಿರ ಚಿಟ್ಟೆಗಳಿಗೆ ಹೆಸರು ಹೇಳಿದ್ದರು. ಅದರಲ್ಲಿ ನಾಲ್ಕು ಸಾವಿರ, ಬೇರೆಯವರು ಹೇಳಿದ್ದು ತಪ್ಪು ಎಂದು ಹೇಳಿ ಹೇಳಿದ್ದು. ಎಪ್ಪತ್ತು ತುಂಬಿದ ದಿನ ಮಗಳು ದೀಪಶ್ರೀ ತಮಾಷೆಗೆಂದು ‘ವೀರಭದ್ರಪ್ಪ, ಆಫ್ರಿಕಾ ಚಿಟ್ಟೆಗಳ ಸಲಹೆಗಾರರು’ ಎಂದು ಇನ್ನೂರು ಕಾರ್ಡು ಮಾಡಿಸಿ ಕೊಟ್ಟಳು. ಅದು ತಮಾಷೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ಎಲ್ಲರೂ ಅಡಿಗೆ ಮಾಡಿ ತರುವ ಯುಗಾದಿ ಪಾಟ್‌ಲಕ್ಕಿನಲ್ಲಿ ಹೋಳಿಗೆಯ ಸಾಲಿನಲ್ಲಿ ನಿಂತವರಿಗೆಲ್ಲ ಹಂಚಿದರು. ಕಾರಿಗೆ ವಿಂಟರ್ ಟೈರು ಹಾಕುವ ಹುಡುಗನಿಗೂ ಒಂದು ಕೊಟ್ಟು, ‘ಬೇಕಾದಾಗ ಫೋನ್ ಮಾಡು’ ಅಂದರು.

ವಿದ್ಯೆ ಮಾತ್ರ ಸುಳ್ಳಲ್ಲ. ಅವರ ನ್ಯಾಯಾಲಯದ ಮುಖ್ಯ ವ್ಯಾಜ್ಯ ಮೂರು ಚಿಟ್ಟೆಗಳದ್ದು: ನೈರಿಯಸ್, ಬ್ರೋಮಿಯಸ್, ಸೋಸಿಯಾ. ಮೂರೂ ಬಾಲದ ಚಿಟ್ಟೆಗಳ ಮನೆತನದವು, ಆದರೆ ಬಾಲ ಹೆಸರಿಗಷ್ಟೇ. ಮೂರಕ್ಕೂ ಕಪ್ಪು ರೆಕ್ಕೆ, ನಡುವೆ ಮಿಂಚುವ ನೀಲಿ-ಹಸಿರು ಪಟ್ಟಿ. ಒಂದರ ಪಟ್ಟಿ ಕಿರಿದು, ಒಂದರದು ಅಗಲ, ಇನ್ನೊಂದರದು ನಡುತರ. ಹಾಗೆಂದು ಪುಸ್ತಕ ಬಲು ಸಲೀಸಾಗಿ ಹೇಳಿಬಿಡುತ್ತದೆ. ಆದರೆ ಕಿರಿದು ಎಲ್ಲಿ ಮುಗಿಯಿತು, ನಡುತರ ಎಲ್ಲಿ ಶುರುವಾಯಿತು ಎಂದು ಚಿಟ್ಟೆಗೆ ಯಾರೂ ಅಳತೆ ಕೊಟ್ಟಿಲ್ಲವಲ್ಲ. ರೆಕ್ಕೆಯಡಿಯ ಬಿಳಿ ಮಚ್ಚೆಗಳನ್ನು ನೋಡಬೇಕು. ಅದೂ ಸಾಲದಿದ್ದರೆ ಹೊಟ್ಟೆಯ ತುದಿ ಕತ್ತರಿಸಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೇ ತೀರ್ಪು ಕೊಡಬೇಕು. ಫೋಟೊ ನೋಡಿ ಹೇಳಲಾಗದಿದ್ದರೆ ‘ನೈರಿಯಸ್ ಗುಂಪು’ ಎಂದು ಬರೆದು ಸುಮ್ಮನಾಗುವುದು ಸಜ್ಜನರ ಪದ್ಧತಿ. ವೀರಭದ್ರಪ್ಪನವರು ಎಲ್ಲರಿಗೂ ಇದನ್ನೇ ಬೋಧಿಸುತ್ತಿದ್ದರು. ತಾವು ಮಾತ್ರ ಒಂದು ಸಲವೂ ಹಾಗೆ ಸುಮ್ಮನಾದವರಲ್ಲ.

ಈ ಕಣ್ಣು ಅವರಿಗೆ ಬಂದದ್ದು ಹೆಂಡತಿಯಿಂದ. ಇದನ್ನು ಅವರು ಕಾರ್ಡಿನಲ್ಲಿ ಹಾಕಿಸಿರಲಿಲ್ಲ.

ಎಂಬತ್ಮೂರನೆಯ ಇಸವಿಯಲ್ಲಿ ಹುಬ್ಬಳ್ಳಿಯ ಈ ಬಯಾಲಜಿ ಮಾಸ್ತರು ಕೀನ್ಯಾದ ಕಾಕಮೆಗಾ ಎಂಬ ಊರಿನ ಹೈಸ್ಕೂಲಿಗೆ ನೌಕರಿಗೆ ಹೋದರು. ಊರಿಗೆ ಅಂಟಿಕೊಂಡೇ ಕಾಡು. ದಿನಾ ಶಾಲೆ ಬಿಟ್ಟ ಮೇಲೆ ಖಾಕಿ ಹ್ಯಾಟು ಹಾಕಿಕೊಂಡು, ಬಲೆ ಹೆಗಲಿಗೇರಿಸಿ, ಬೇಟೆಗೆ ಹೊರಟ ಸಂಸ್ಥಾನಿಕರ ಹಾಗೆ ಹೊರಡುತ್ತಿದ್ದರು. ತಿರುಗಿ ಬರುವ ಹೊತ್ತಿಗೆ ಹೆಂಡತಿ ನಿಂಗವ್ವ ಚಹಾ ಮಾಡಿ, ಆರದಿರಲೆಂದು ಕಪ್ಪಿನ ಮೇಲೆ ಬಸಿ ಮುಚ್ಚಿ, ಬಾಗಿಲಲ್ಲಿ ಕೂತಿರುತ್ತಿದ್ದರು. ಒಂದು ದಿನ ಮೂರೂ ಚಿಟ್ಟೆ ಹರವಿಕೊಂಡು ಪುಸ್ತಕದ ಹಾಳೆ ತಿರುವುತ್ತ ಮಾಸ್ತರು ತಲೆ ಕೆರೆದುಕೊಳ್ಳುತ್ತಿದ್ದಾಗ ನಿಂಗವ್ವ ಬಗ್ಗಿ ನೋಡಿದರು.

“ಇದರಾಗ ಏನೈತ್ರಿ ಅಂಥಾದ್ದು? ಇದು ಅಗಲ ದಡಿ. ಇದು ಸಣ್ಣ ದಡಿ. ಇದು ನಡಕಿನ ದಡಿ, ಅತ್ತೀನೂ ಉಡಬೌದು, ಸೊಸೀನೂ ಉಡಬೌದು.”

ಇಳಕಲ್ಲಿನಲ್ಲಿ ಸೀರೆ ಅಂಗಡಿಯವರ ಮಗಳು. ಹತ್ತು ಹೆಜ್ಜೆ ದೂರದಿಂದ ಸೀರೆಯಂಚಿನ ದಡಿ ನೋಡಿ ಯಾವ ಮಗ್ಗದ್ದೆಂದು ಹೇಳಬಲ್ಲವರು. ಪುಸ್ತಕದ ಜೊತೆ ಹೋಲಿಸಿದರೆ ಮೂರೂ ಸರಿ! ಮಾಸ್ತರು ಎರಡು ದಿನ ಮುಖ ಸಣ್ಣದು ಮಾಡಿಕೊಂಡಿದ್ದು, ಮೂರನೆಯ ದಿನದಿಂದ ಎಲ್ಲವನ್ನೂ ಅವರ ಮುಂದೆ ತಂದಿಡತೊಡಗಿದರು.

ಚೀಟಿ ಬರೆಯುವ ಕೆಲಸವೂ ನಿಂಗವ್ವನವರದೇ. ‘ಚೀಟಿ ಇಲ್ಲದ ಚಿಟ್ಟೆ ಕಸ’ ಎಂಬುದು ಮಾಸ್ತರ ಗಾದೆ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹಿಡಿದವರು ಯಾರು, ಈ ಮೂರೂ ಸೂಜಿಯ ಕೆಳಗೆ ಇರಲೇಬೇಕು. ನಿಂಗವ್ವನವರ ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣದು, ಚೊಕ್ಕ. ಊರು ಬರೆದರು, ತಾರೀಖು ಬರೆದರು, ‘ಹಿಡಿದವರು’ ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಗಂಡನ ಹೆಸರು ಬಾಯಲ್ಲಿ ಆಡಬಾರದು. ಬಾಯಲ್ಲಿ ಆಡದ್ದನ್ನು ಕೈಯಲ್ಲಿ ಹೇಗೆ ಬರೆಯುವುದು? ಅರೆಗಳಿಗೆ ಯೋಚಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ‘ಅವರು’ ಎಂದು ಬರೆದುಬಿಟ್ಟರು. ನಾನೂರ ಹನ್ನೆರಡು ಚಿಟ್ಟೆಗಳಿಗೂ ಹಾಗೇ.

ಮುಂದೆ ಒಬ್ಬ ಇಂಗ್ಲಿಷ್ ವಿದ್ವಾಂಸ ಕಾಡು ನೋಡಲು ಬಂದವನು ಚಿಟ್ಟೆಗಳ ಪೆಟ್ಟಿಗೆಗಳನ್ನೂ ನೋಡಿ, ಬರೆದುಕೊಂಡು ಹೋದ. ಎರಡು ವರ್ಷದ ಮೇಲೆ ಅವನ ಚಿಟ್ಟೆಗಳ ಪಟ್ಟಿ ಅಚ್ಚಾಗಿ ಟಪಾಲಿನಲ್ಲಿ ಬಂತು. ಕೊನೆಯ ಪುಟದಲ್ಲಿ ಕೃತಜ್ಞತೆ: ‘ಕಾಕಮೆಗಾದ ಶ್ರೀ ಅವರು ಎಂಬುವರಿಗೆ.’ ವೀರಭದ್ರಪ್ಪನವರ ಜೀವಮಾನದಲ್ಲಿ ಒಂದೇ ಒಂದು ಸಲ ಅಚ್ಚಾದ ಹೆಸರು, ಅದೂ ಅವರದಲ್ಲ. ಕೂಗಾಡಿದರು. ನಿಂಗವ್ವ ಸೆರಗು ಬಾಯಿಗೆ ತುರುಕಿಕೊಂಡು, ಉಸಿರು ಕಟ್ಟುವಷ್ಟು ನಕ್ಕರು.

“ನಗತೀಯಲ್ಲಾ? ಆ ಅವರು ಯಾರು ಅಂತ ಜಗತ್ತು ಕೇಳಿದರ ಏನು ಹೇಳಲಿ?”

“ಜಗತ್ತಿಗೆ ಯಾಕ ಬೇಕ್ರಿ? ನನಗ ಗೊತ್ತದಲ್ಲ.”

ತೊಂಬತ್ತೆರಡರಲ್ಲಿ ಕೆನಡಾಕ್ಕೆ ಬಂದರು. ಇಲ್ಲಿ ಹುಬ್ಬಳ್ಳಿಯ ಡಿಗ್ರಿಗೂ ಕಾಕಮೆಗಾದ ಅನುಭವಕ್ಕೂ ಸೇರಿ ಸಿಕ್ಕಿದ್ದು ಬ್ರ್ಯಾಂಪ್ಟನ್ನಿನ ವೇರ್‌ಹೌಸಿನಲ್ಲಿ ಡಬ್ಬಗಳಿಗೆ ಚೀಟಿ ಅಂಟಿಸುವ ಕೆಲಸ. ಇಪ್ಪತ್ನಾಲ್ಕು ವರ್ಷ ಅಂಟಿಸಿದರು. ಯಾವ ಚೀಟಿಯ ಮೇಲೂ ಹಿಡಿದವರ ಹೆಸರು ಕೇಳುತ್ತಿರಲಿಲ್ಲ. ರಿಟೈರಾದ ಮೇಲೆ ಬೇಸ್‌ಮೆಂಟಿನಲ್ಲಿ ಹೈಕೋರ್ಟು ಸ್ಥಾಪನೆಯಾಯಿತು. ಕಷ್ಟದ ಫೋಟೊ ಬಂದಾಗ ನ್ಯಾಯಾಧೀಶರು ಮೆಟ್ಟಿಲ ಬುಡದಲ್ಲಿ ನಿಂತು, “ಏ ನಿಂಗಿ, ಒಂದೀಟ ಬಾ ಇಲ್ಲೆ” ಎಂದು ಕೂಗುವುದು, ಅವರು ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಇಳಿದು ಬಂದು “ನಡಕಿನ ದಡಿ” ಎಂದು ಹೇಳಿ ಹತ್ತಿಹೋಗುವುದು, ಇವರು ಅದನ್ನು ಲ್ಯಾಟಿನ್ನಿನಲ್ಲಿ ಟೈಪು ಮಾಡುವುದು. ನ್ಯಾಯದಾನ ಹೀಗೆ ನಡೆದಿತ್ತು.

ಎರಡು ವರ್ಷದ ಹಿಂದೆ ನಿಂಗವ್ವ ಉಪ್ಪಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಡತೊಡಗಿದರು. ಮೊದಲು ನಗು ಬಂತು. ಆಮೇಲೆ ದೀಪಶ್ರೀಯನ್ನು ತಮ್ಮ ಅಕ್ಕನ ಹೆಸರಿನಿಂದ ಕರೆದರು. ಆಮೇಲೆ ಒಂದು ದಿನ ಬಸ್ಸಿಳಿದು ಮನೆಯ ದಾರಿ ತಿಳಿಯದೆ, ಮಳೆಯಲ್ಲಿ ನೆನೆಯುತ್ತ ನಿಂತರು. ಆಗ ಯಾರಿಗೂ ನಗು ಬರಲಿಲ್ಲ.

ಹತ್ತಿರದ ಮೆಡೋವೇಲ್‌ನ ಆಫೀಸಿನಲ್ಲಿ ಕೆಲಸ ಮಾಡುವ ದೀಪಶ್ರೀ ಅಕ್ಟೋಬರಿನಲ್ಲಿ ಅರ್ಧ ದಿನ ರಜೆ ಹಾಕಿ, ತಾಯಿಯನ್ನು ಮರೆವಿನ ಕ್ಲಿನಿಕ್ಕಿಗೆ ಕರೆದೊಯ್ದಳು. ತಂದೆ ಕರೆಯದಿದ್ದರೂ ಹೊರಟರು. ಅಲ್ಲಿನ ನರ್ಸು ಮರಿಸಾ ಎಂಬ ಫಿಲಿಪಿನೊ ಹೆಂಗಸು, ಮೃದು ಮಾತಿನವಳು. ಇಂಗ್ಲಿಷಿನಲ್ಲಿ ಅವಳು ಕೇಳುವುದು, ದೀಪಶ್ರೀ ಕನ್ನಡಕ್ಕೆ ತಿರುಗಿಸುವುದು. ಯಾವ ತಿಂಗಳು? ಗೊತ್ತಿಲ್ಲ. ಯಾವ ಊರು? ‘ಕಾಕಮೆಗಾ.’ ಮರಿಸಾ ವೀರಭದ್ರಪ್ಪನವರ ಕಡೆ ಕೈ ತೋರಿಸಿದಳು. ಇವರು ಯಾರು?

“ಅವರು,” ಎಂದರು ನಿಂಗವ್ವ, ಇದೆಂಥ ಪ್ರಶ್ನೆ ಎಂಬಂತೆ.

“ಅವ್ವಾ, ಅವರ ಹೆಸರ ಏನು ಅಂತ ಕೇಳಾಕತ್ತಾರ.”

ನಿಂಗವ್ವ ಕಾರ್ಡಿಗನ್ನಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ತಲೆ ತಗ್ಗಿಸಿದರು. ಮರಿಸಾ ಕಾದಳು. ಮತ್ತೊಮ್ಮೆ ಕೇಳಿದಳು. ಆಮೇಲೆ ಫಾರಮ್ಮಿನಲ್ಲಿ ಒಂದು ಸೊನ್ನೆ ಬರೆದಳು.

ವೀರಭದ್ರಪ್ಪನವರು ಎದ್ದೇ ನಿಂತರು. ಆ ಸೊನ್ನೆ ತಪ್ಪು, ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ, ಇದು ಮರೆವಲ್ಲ, ಮರ್ಯಾದೆ ಎಂದು ಇಂಗ್ಲಿಷಿನಲ್ಲಿ ಏಳು ನಿಮಿಷ ವಾದ ಮಂಡಿಸಿದರು. ಮಧ್ಯದಲ್ಲಿ ಸೋಸಿಯಾ ಚಿಟ್ಟೆಯ ಉದಾಹರಣೆಯೂ ಬಂತು. ಕೊನೆಗೆ ಕಾರ್ಡೂ ಕೊಟ್ಟರು.

“ಅಪ್ಪಾ, ಪ್ಲೀಸ್. ಶೀ ಈಸ್ ಜಸ್ಟ್ ಡೂಯಿಂಗ್ ಹರ್ ಜಾಬ್. ಒಂದ್ ಮಾರ್ಕ್ಸಿಗೆ ಹಿಂಗ್ಯಾಕ ಮಾಡ್ತೀ?”

“ಮಾರ್ಕ್ಸಿನ ಮಾತಲ್ಲವ್ವಾ ಅದು. ಆಕಿಗೆ ನಾ ಗೊತ್ತಿಲ್ಲ ಅಂತ ಬರದಾಳ ಈಕಿ!”

ಮರಿಸಾ ಕಾರ್ಡನ್ನು ಗೌರವದಿಂದಲೇ ಫೈಲಿನೊಳಗೆ ಇಟ್ಟುಕೊಂಡಳು. ನೀವು ಹೇಳುವುದು ನಿಜವಿರಬಹುದು ಸರ್, ಆದರೆ ಹೇಳದವರೂ ಹೇಳಲಾಗದವರೂ ಹೊರಗಿನಿಂದ ಒಂದೇ ಥರ ಕಾಣುತ್ತಾರೆ, ನಾನು ಹೇಗೆ ಬೇರೆ ಮಾಡಲಿ, ಎಂದು ಕೇಳಿದಳು.

ಆಫ್ರಿಕಾದ ಹೈಕೋರ್ಟು ಮೆಲ್ಲಗೆ ಕುರ್ಚಿಯಲ್ಲಿ ಕೂತಿತು. ಚಿಟ್ಟೆಯಾಗಿದ್ದರೆ ಹೊಟ್ಟೆಯ ತುದಿ ಕತ್ತರಿಸಿ ನೋಡಬಹುದಿತ್ತು.

ಅಂದಿನಿಂದ ಅವರ ತಲೆಯಲ್ಲಿ ಒಂದೇ ಪ್ರಶ್ನೆ. ಅವಳ ಮೌನದೊಳಗೆ ತಾನು ಇದ್ದೇನೋ ಇಲ್ಲವೋ? ಒಂದು ನೋಟ್‌ಬುಕ್ಕು ಇಟ್ಟು, ತಾರೀಖು ಹಾಕಿ, ಪರೀಕ್ಷೆ ಶುರು ಮಾಡಿದರು. ಪೆಟ್ಟಿಗೆಯೊಂದನ್ನು ಅಡಿಗೆಮನೆಯ ಮೇಜಿನ ಮೇಲೆ ತಂದಿಟ್ಟು ಕೇಳುವರು.

“ಇದು ಯಾವುದು?”

“ಅಗಲ ದಡಿ.”

“ಇದು?”

“ಸಣ್ಣ ದಡಿ. ತುದಿ ಹರದೈತಿ, ಛಲೋತ್ನಾಗಿ ಹಿಡೀಬಾರದೇನ್ರಿ?”

“ಹಿಡದವರು ಯಾರು?”

“ಅವರು.”

“ಅವರು ಅಂದ್ರ?”

“ಅಯ್ಯ, ಅವರು ಅಂದ್ರ ಅವರು.”

ಪ್ರತಿ ಸಲವೂ ವಿಚಾರಣೆ ಇಲ್ಲಿಗೇ ಬಂದು ನಿಲ್ಲುತ್ತಿತ್ತು. ಚಿಟ್ಟೆಗಳ ಹೆಸರು ಒಂದೂ ತಪ್ಪಲಿಲ್ಲ.

ಜನವರಿಯ ಒಂದು ಮಧ್ಯಾಹ್ನ ಹೊರಗೆ ಹಿಮ ಸುರಿಯುತ್ತಿತ್ತು. ನಿಂಗವ್ವ ರೊಟ್ಟಿ ಬಡಿಯುತ್ತಿದ್ದರು. ಕೈಗೆ ಮಾತ್ರ ಏನೂ ಮರೆತಿರಲಿಲ್ಲ. ವೀರಭದ್ರಪ್ಪನವರಿಗೆ ತಟ್ಟನೆ ಒಡಪು ನೆನಪಾಯಿತು. ಮದುವೆಯ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು, ಗಂಡನ ಹೆಸರು ಒಡಪಿನಲ್ಲಿ ಹೇಳಿದರಷ್ಟೇ ಒಳಗೆ ಬಿಡುತ್ತೇವೆಂದಾಗ, ಈ ಹುಡುಗಿ ತಲೆಯೆತ್ತಿ ಹೇಳಿದ್ದಳು. ಜೀವಮಾನದಲ್ಲಿ ಅವಳು ಅವರ ಹೆಸರೆತ್ತಿದ್ದು ಆ ಒಂದು ಸಲ. ಅವರು ಮೆಲ್ಲಗೆ ಮೊದಲ ಸಾಲು ಎತ್ತಿಕೊಟ್ಟರು.

“ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ...”

ರೊಟ್ಟಿಯ ಸಪ್ಪಳ ನಿಂತಿತು. ನಿಂಗವ್ವನವರ ತುಟಿಗಳು ಅಲುಗಿದವು. “ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾನಕ...” ಎಂದರು. ಮುಂದಿನ ಸಾಲು ‘ವೀರಭದ್ರಪ್ಪನವರ ಹೆಸರ ಹೇಳತೀನಿ, ಎಲ್ಲಾರೂ ಸರೀರಿ ಹಿಂದಕ.’ ಅವರು ಅದಕ್ಕೇ ಕಾದು ಕೂತರು. ನಿಂಗವ್ವ ಅವರತ್ತ ನೋಡಿ, ಹಿಟ್ಟಿನ ಕೈಯಿಂದಲೇ ಅವರ ತೋಳಿಗೊಂದು ಪೆಟ್ಟು ಕೊಟ್ಟರು.

“ಹೋಗ್ರಿ ಅತ್ಲಾಗ! ಮುದುಕರಾದ್ರೂ ಬುದ್ಧಿ ಬರಲಿಲ್ಲ. ನನ್ನ ಬಾಯಿಲೆ ಹೆಸರ ತಗಸಾಕ ನೋಡತಾರ.”

ಸ್ವೆಟರಿನ ಮೇಲೆ ಐದು ಬೆರಳಿನ ಬಿಳಿ ಗುರುತು. ವೀರಭದ್ರಪ್ಪನವರು ಬೇಸ್‌ಮೆಂಟಿಗೆ ಇಳಿದುಹೋಗಿ ನೋಟ್‌ಬುಕ್ಕಿನಲ್ಲಿ ಬರೆದರು: ‘ಜನವರಿ ೧೯, ಮಧ್ಯಾಹ್ನ ೧೨-೪೦. ಹೇಳಲಿಲ್ಲ. ಗೊತ್ತಿದೆ.’ ಕೆಳಗೆ ಎರಡು ಗೆರೆ ಎಳೆದರು. ಆ ಸ್ವೆಟರನ್ನು ತಿಂಗಳವರೆಗೆ ಒಗೆಯಲು ಹಾಕಲಿಲ್ಲ. ಹೇಳದಿರುವುದೇ ಗುರುತು! ಎಲ್ಲಿಯವರೆಗೆ ಅವಳು ಹೆಸರು ಹೇಳುವುದಿಲ್ಲವೋ ಅಲ್ಲಿಯವರೆಗೆ ತಾನು ಅವಳ ಗಂಡ. ಏಪ್ರಿಲ್ಲಿನಲ್ಲಿ ಮತ್ತೆ ಕ್ಲಿನಿಕ್ಕಿಗೆ ಹೋಗುವುದಿತ್ತಲ್ಲ, ಮರಿಸಾಳಿಗೆ ಇದನ್ನು ಸಾಧಾರವಾಗಿ ವಿವರಿಸಲು ಮೂರು ಪುಟದ ಟಿಪ್ಪಣಿ ಸಿದ್ಧಪಡಿಸಿದರು, ಅಡಿಟಿಪ್ಪಣಿಗಳ ಸಮೇತ.

ಏಪ್ರಿಲ್ ಬಂತು. ಅದೇ ಕೋಣೆ, ಅದೇ ಕುರ್ಚಿ. ನಿಂಗವ್ವ ಸ್ವಲ್ಪ ಇಳಿದಿದ್ದರು. ಮರಿಸಾ ವೀರಭದ್ರಪ್ಪನವರಿಗೆ ನಮಸ್ಕಾರ ಹೇಳಿ, ಆಫ್ರಿಕಾದ ಚಿಟ್ಟೆಗಳೆಲ್ಲ ಕ್ಷೇಮವೇ ಎಂದು ವಿಚಾರಿಸಿದಳು. ಯಾವ ತಿಂಗಳು? ನಿಂಗವ್ವ ಉತ್ತರಿಸಲಿಲ್ಲ. ಯಾವ ಊರು? ಅದಕ್ಕೂ ಇಲ್ಲ. ಇವರು ಯಾರು?

ನಿಂಗವ್ವ ತಿರುಗಿ ನೋಡಿದರು. ಪೂರ್ತಿ ಮುಖವೆತ್ತಿ, ಸಂಕೋಚವಿಲ್ಲದೆ ನೋಡಿದರು.

“ವೀರಭದ್ರಪ್ಪ,” ಎಂದರು. “ವೀರಭದ್ರಪ್ಪ ಮಾಸ್ತರು. ಹುಬ್ಬಳ್ಳಿಯವರು. ಭಾಳ ಛಲೋ ಮನಶಾ.”

“ಓ ಮೈ ಗಾಡ್! ಅಪ್ಪಾ! ಶೀ ಸೆಡ್ ಇಟ್! ನಿನ್ನ ಹೆಸರ ಹೇಳಿದಳು!” ದೀಪಶ್ರೀ ಕುರ್ಚಿಯಿಂದ ಎದ್ದು ಅವರ ಕೈ ಹಿಡಿದಳು. ಅವಳ ಕಣ್ಣಲ್ಲಿ ನೀರು. ಮರಿಸಾ ಕೂಡ ಮುಖವರಳಿಸಿ, ಸೊನ್ನೆಯಿದ್ದ ಕಡೆ ಈ ಸಲ ಒಂದು ಎಂದು ದೊಡ್ಡದಾಗಿ ಬರೆದು ಅವರಿಗೆ ಕಾಣುವಂತೆ ಫಾರಮ್ಮು ತಿರುಗಿಸಿದಳು. ಕಳೆದ ಸಲ ನೀವು ಹೇಳಿದ್ದೇ ಸರಿ ಸರ್, ಅವರಿಗೆ ನೀವು ಗೊತ್ತು ಎಂದಳು.

ನಾಲ್ಕು ಸಾವಿರ ಚಿಟ್ಟೆಗಳ ಹೆಸರಿಗೆ ತಕರಾರು ತೆಗೆದ ಮನುಷ್ಯ. ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ಮುಂದಿಟ್ಟ ಚೀಟಿಯ ಕಾಗುಣಿತವನ್ನೂ ತಿದ್ದದೆ ಬಿಡದವರು. ಮೂರು ಪುಟದ ಟಿಪ್ಪಣಿ ಜೇಬಿನಲ್ಲೇ ಇತ್ತು. ಅವರು “ಥ್ಯಾಂಕ್ಯೂ” ಎಂದು ಹೇಳಿ ಎದ್ದರು. ಚಿಟ್ಟೆ ಪಂಡಿತರಲ್ಲಿ ಒಂದು ಪದ್ಧತಿಯುಂಟು. ಬಹುಕಾಲ ಒಂದೇ ಎಂದುಕೊಂಡಿದ್ದ ಜಾತಿಯನ್ನು ಒಂದು ದಿನ ಸೀಳಿ ಎರಡು ಮಾಡುತ್ತಾರೆ, ಹಳೆಯ ಹೆಸರು ಎರಡರಲ್ಲಿ ಒಂದಕ್ಕೆ ಮಾತ್ರ ಉಳಿಯುತ್ತದೆ. ವೀರಭದ್ರಪ್ಪ ಬೇರೆ, ‘ಅವರು’ ಬೇರೆ. ಮಗಳು ದಾರಿಯುದ್ದಕ್ಕೂ ಡ್ರೈವ್ ಮಾಡುತ್ತ ಖುಷಿಯಲ್ಲಿ ಮಾತಾಡುತ್ತಿದ್ದಳು. ಇವರು ಕಿಟಕಿಯಾಚೆ ನೋಡುತ್ತ ಹೂಂಗುಟ್ಟಿದರು.

ಮನೆಗೆ ಬಿಟ್ಟು ಅವಳು ಆಫೀಸಿಗೆ ಹೋದಳು. ನಿಂಗವ್ವ ಕೋಟು ಬಿಚ್ಚದೆ ಹಾಲಿನ ಸೋಫಾದ ಅಂಚಿನಲ್ಲಿ ಕೂತು, ಬಾಗಿಲ ಕಡೆ ನೋಡುತ್ತಿದ್ದರು.

“ಯಾರ ದಾರಿ ನೋಡಾಕತ್ತಿ?”

“ಅವರು ಇನ್ನಾ ಬರಲಿಲ್ಲ ನೋಡ್ರಿ ಮಾಸ್ತರ. ಹೊತ್ತಾತು.”

ವೀರಭದ್ರಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಎಂಥ ಸಂಕಟದಲ್ಲೂ ಉಪಾಯ ಹೊಳೆಯುವುದು ಪಂಡಿತರ ಲಕ್ಷಣ. ಗರಾಜಿಗೆ ಹೋಗಿ, ಹಿಮ ತೋಡುವ ಸಲಿಕೆಯ ಹಿಂದಿನಿಂದ ಬಲೆ ಎಳೆದರು. ಜಾಳಿಗೆಯಲ್ಲಿ ಇಲಿ ಮಾಡಿದ ಎರಡು ತೂತು. ಹಳೆಯ ಸೂಟ್‌ಕೇಸಿನಲ್ಲಿ ಖಾಕಿ ಹ್ಯಾಟು ಸಿಕ್ಕಿತು. ಮಂಕಿ ಕ್ಯಾಪು ತೆಗೆದು ಅದನ್ನು ಹಾಕಿಕೊಂಡು, ಬಲೆ ಹೆಗಲಿಗೇರಿಸಿ, ಕರಗುತ್ತಿದ್ದ ಹಿಮದ ರಾಡಿಯಲ್ಲಿ ಮನೆಯ ಮುಂದಕ್ಕೆ ಸುತ್ತಿ ಬಂದರು. ಪಕ್ಕದ ಮನೆಯ ಪಂಜಾಬಿ ತನ್ನ ಟ್ರಕ್ಕಿನಿಂದ ಇಳಿಯುತ್ತಿದ್ದವನು ಹಾಗೇ ನಿಂತ.

“ಅಂಕಲ್‌ಜೀ, ಸಬ್ ಠೀಕ್?”

“ಠೀಕ್, ಠೀಕ್,” ಎಂದು ಗಂಭೀರವಾಗಿ ಕೈಯಾಡಿಸಿ, ತಮ್ಮ ಮನೆಯ ಮೆಟ್ಟಿಲು ಹತ್ತಿದರು. ಸರಿಯಾಗಿ ನಾಲ್ಕು ಗಂಟೆ, ಚಹಾದ ಹೊತ್ತು. ಕಾಕಮೆಗಾದಲ್ಲಿ ಹೇಗೆ ನಿಲ್ಲುತ್ತಿದ್ದರೋ ಹಾಗೆ ಎದೆ ಸೆಟೆಸಿ ನಿಂತು, ತಮ್ಮ ಮನೆಯ ಕರೆಗಂಟೆಯನ್ನು ತಾವೇ ಒತ್ತಿದರು.

ಒಳಗೆ ಚಪ್ಪಲಿಯ ಸದ್ದು. ಬಾಗಿಲು ತೆರೆಯಿತು. ನಿಂಗವ್ವ ಹ್ಯಾಟು ನೋಡಿದರು. ಬಲೆ ನೋಡಿದರು. ಬಲೆಯ ಮೇಲೆ ಕಣ್ಣು ಬಹಳ ಹೊತ್ತು ನಿಂತಿತು. ಮುಖದಲ್ಲಿ ಏನೋ ಹೊತ್ತಿಕೊಳ್ಳುವಂತೆ ಕಂಡಿತು. ವೀರಭದ್ರಪ್ಪನವರು ಬಲೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಹಿಡಿದರು.

“ಬರ್ರಿ ಮಾಸ್ತರ,” ಎಂದರು ನಿಂಗವ್ವ. “ಅವರು ಮನ್ಯಾಗಿಲ್ಲರೀ. ನಿಮ್ಮಂಗ ಬಲಿ ತಗೊಂಡು ಅಡವಿಗೆ ಹೋಗ್ಯಾರ. ಬರೂ ಹೊತ್ತಾತು, ಕುಂದರ್ರಿ.”

ಅವರು ಹ್ಯಾಟು ತೆಗೆದು, ಬೂಟು ಬಿಚ್ಚಿ, ಬಂದ ಅತಿಥಿ ಕೂರುವ ಕುರ್ಚಿಯಲ್ಲಿ ಕೂತರು. ಕೈ ಮೊಣಕಾಲ ಮೇಲಿತ್ತು. ಎಷ್ಟು ಹೊತ್ತಾಯಿತೋ. ಅಡಿಗೆಮನೆಯಲ್ಲಿ ಪಾತ್ರೆಯ ಸಪ್ಪಳ, ಶುಂಠಿ ಜಜ್ಜುವ ಸಪ್ಪಳ. ನಿಂಗವ್ವ ತಟ್ಟೆಯಲ್ಲಿ ಎರಡು ಕಪ್ಪು ಚಹಾ ತಂದರು. ಒಂದನ್ನು ಅವರ ಕೈಗೆ ಕೊಟ್ಟರು. ಇನ್ನೊಂದನ್ನು ಮೇಜಿನ ಮೇಲಿಟ್ಟು, ಆರದಿರಲೆಂದು ಬಸಿ ಮುಚ್ಚಿದರು.

“ಛಾ ಹೆಂಗಾಗೇದ್ರಿ ಮಾಸ್ತರ?”

“ಛಲೋ ಆಗೇದ್ರೀ ಅವ್ವಾರ,” ಎಂದರು ವೀರಭದ್ರಪ್ಪ. ನಲವತ್ತೈದು ವರ್ಷಗಳಲ್ಲಿ ಮೊದಲ ಸಲ ಅವಳಿಗೆ ಬಹುವಚನ.

ನಿಂಗವ್ವ ಬಾಗಿಲ ಕಡೆ ಮುಖ ಮಾಡಿ ಕೂತರು. ಮೇಜಿನ ಮೇಲೆ ಬಸಿ ಮುಚ್ಚಿದ ಕಪ್ಪು ಹಾಗೇ ಇತ್ತು. ಅದನ್ನು ಮುಟ್ಟುವ ಹಕ್ಕು ವೀರಭದ್ರಪ್ಪನವರಿಗಿರಲಿಲ್ಲ. ಅದು ಅವರದು.